ಖಾಲಿ ಪಲ್ಲಕ್ಕಿಯ ಬಿಂದಿಗೆ

"ಕೇಳ್ರಪ್ಪೋ ಕೇಳಿ! ನಮ್ಮ ದೊರೆಮಗಳು ಅಮ್ಮಣ್ಣಿ ಬಾಚಲದೇವಿಯವರು ಮೂರು ಒಗಟು ಹಾಕುತ್ತಾರೆ. ಬಿಡಿಸಿದವನು ಕೇಳಿದ್ದು ಅವನಿಗೆ, ಅಮ್ಮಣ್ಣಿಯ ಹೂಮಾಲೆಯೂ ಅವನಿಗೇ. ತಪ್ಪಿದವನ ತಲೆ ಹುಣ್ಣಿಮೆಯ ದಿನ ಹೋಯಿತು ಅಂತಲೇ ತಿಳಿಯಿರಿ!"

ಹೀಗೆ ನನ್ನಿರಾಯ ದೊರೆ ಡಂಗುರ ಸಾರಿಸಿದ. ತಲೆಗಿಂತ ಕಿರೀಟ ದೊಡ್ಡದಾದವರಿಗೇನು ಬರವೇ? ಮೂವರು ರಾಜಕುಮಾರರು ಬಂದೇ ಬಂದರು. ಕೋಟೆ ಕಡಿದಾದ ಗುಡ್ಡದ ಮೇಲಿತ್ತು. ಅವರನ್ನು ಪಲ್ಲಕ್ಕಿಯಲ್ಲಿ ಹೊತ್ತು ಹತ್ತಿಸಿದ ನಾಲ್ವರಲ್ಲಿ ಮುಂದಾಳು ಅಂಕ. ಅವನಪ್ಪನೂ ಪಲ್ಲಕ್ಕಿ ಹೊತ್ತವನೇ.

ಸಭೆಯಲ್ಲಿ ಅಮ್ಮಣ್ಣಿ ಮೊದಲ ಒಗಟು ಹಾಕಿದಳು. "ಮಗಳು ಮೋರೆ ಕೆಂಪಗೆ ಮಾಡಿಕೊಂಡು ಅಂಗಳದಲ್ಲಿ ಕೂಗಾಡುತ್ತಾಳೆ. ಹೆತ್ತ ತಾಯಿ ನಡುಗುತ್ತ ಒಳಮನೆಯಲ್ಲಿ ಅಡಗಿರುತ್ತಾಳೆ. ಯಾರವರು?"

"ಬೆಂಕಿ ಮತ್ತು ಕಟ್ಟಿಗೆ" ಅಂದವನು ಸೆರೆಮನೆ ಸೇರಿದ. "ಸಿಡಿಲು ಮತ್ತು ಮೋಡ" ಅಂದವನೂ ಸೇರಿದ. ಮೂರನೆಯವನು ಮೀಸೆ ತಿರುವಿ, "ಸೂರ್ಯ ಮತ್ತು ಸಮುದ್ರ!" ಅಂದ.

ಬಾಗಿಲಲ್ಲಿ ನಿಂತಿದ್ದ ಅಂಕನಿಗೆ ನಗು ತಡೆಯಲಾಗಲಿಲ್ಲ. ಅಯ್ಯೋ ಪುಣ್ಯಾತ್ಮ, ನಗುವ ಹೊತ್ತೇ ಅದು?

"ನಕ್ಕವನು ಯಾರು?" ದೊರೆ ಗುಡುಗಿದ.

"ನಾನು, ಬುದ್ಧಿ."

"ಹೊರುವವನಿಗೆ ಅಷ್ಟು ಗೊತ್ತೋ? ಹಾಗಾದರೆ ಮೂರನ್ನೂ ನೀನೇ ಬಿಡಿಸು. ತಪ್ಪಿದರೆ ನಿನ್ನ ತಲೆಯೂ ಹೋಗುತ್ತದೆ."

ಅಂಕ ಮುಂದೆ ಬಂದು ನಿಂತ. "ಮಗಳು ಸಿಟ್ಟು, ತಾಯಿ ಹೆದರಿಕೆ. ಈ ದೊರೆಮಗ ದಾರಿಯುದ್ದಕ್ಕೂ ನಮ್ಮನ್ನು ಕತ್ತೆಗಳು ಅಂತ ಬೈದರು. ಕೆಳಗೆ ಕಮರಿ ಕಂಡಲ್ಲೆಲ್ಲ ಬೈಗುಳ ಜೋರು. ಬೈದಾಗಲೆಲ್ಲ ಪಲ್ಲಕ್ಕಿ ನಡುಗೋದು ನನ್ನ ಹೆಗಲಿಗೆ ಗೊತ್ತಾಗ್ತಿತ್ತು, ಬುದ್ಧಿ."

ಸಭೆಯೆಲ್ಲ ಗೊಳ್ಳೆಂದಿತು. ರಾಜಕುಮಾರನ ಮೀಸೆ ಇಳಿಯಿತು.

ಅಮ್ಮಣ್ಣಿ ಎರಡನೆಯದು ಕೇಳಿದಳು. "ಮನುಷ್ಯನೆಂಬ ಎತ್ತನ್ನು ಇಬ್ಬರು ನಡೆಸುತ್ತಾರೆ. ಒಬ್ಬ ಹಿಂದಿನಿಂದ ಅಟ್ಟುತ್ತಾನೆ, ಅವನು ಮರೆಯಾದರೆ ಎತ್ತು ನಿಲ್ಲುತ್ತದೆ. ಇನ್ನೊಬ್ಬ ಮುಂದಿನಿಂದ ಕರೆಯುತ್ತಾನೆ, ಅವನು ಕೈಗೆ ಸಿಕ್ಕರೆ ಎತ್ತು ನಿಲ್ಲುತ್ತದೆ."

"ಅಟ್ಟೋನು ಪೆಟ್ಟಿನ ಭಯ, ಕರೆಯೋನು ಆಸೆ. ಕೋಲು ಕಾಣದಿದ್ದರೆ ಹೆದರಿದವನು ಕೂರ್ತಾನೆ. ಹೊಟ್ಟೆ ತುಂಬಿದರೆ ಆಸೆಯವನೂ ಕೂರ್ತಾನೆ."

"ಸರಿ. ಈಗ ಕೊನೆಯದು." ಅಮ್ಮಣ್ಣಿಯ ದನಿ ಮೆತ್ತಗಾಯಿತು. "ಕೋಲಿಲ್ಲ, ಕೂಲಿಯಿಲ್ಲ, ನೋಡುವವರೂ ಇಲ್ಲ. ಆದರೂ ಹೆಜ್ಜೆ ತಪ್ಪುವುದಿಲ್ಲ. ಆಗ ನಡೆಸುವವರು ಯಾರು?"

ಅಂಕನಿಗೆ ಮನೆಯಲ್ಲಿ ಕಾಯುತ್ತಿದ್ದ ಅವ್ವನ ನೆನಪಾಯಿತು. ಏನು ಮಾಡುವುದೆಂದು ತೋಚದೆ ಜಡ್ಡುಗಟ್ಟಿದ ಹೆಗಲನ್ನು ಸವರಿಕೊಂಡ. ಸವರಿದ ಕೈ ಅಲ್ಲೇ ನಿಂತಿತು.

"ಹೆಮ್ಮೆ, ಅಮ್ಮಣ್ಣಿ! ಮಾಡೋ ಕೆಲಸದ ಹೆಮ್ಮೆ! ಹೊರೋದು ಕಲಿಸುವಾಗ ನಮ್ಮಪ್ಪ ಪಲ್ಲಕ್ಕಿಯೊಳಗೆ ತುಂಬಿದ ಬಿಂದಿಗೆ ಇಡ್ತಿದ್ದ. ಹನಿ ಚೆಲ್ಲಿದರೆ ಮತ್ತೆ ಬುಡದಿಂದ ಹತ್ತಬೇಕು. ಖಾಲಿ ಪಲ್ಲಕ್ಕಿ ಇಳಿಸೋಕೆ ಕೂಲಿ ಇಲ್ಲ, ಕೇಳೋರಿಲ್ಲ, ನೋಡೋರಿಲ್ಲ. ಆದರೂ ಒಳಗೆ ಬಿಂದಿಗೆ ಇದೆ ಅಂತಲೇ ಇಳೀತೀವಿ."

"ನಾನು ನೋಡುತ್ತಿದ್ದೆ" ಅಂದಳು ಅಮ್ಮಣ್ಣಿ. "ದಿನಾ ಉಪ್ಪರಿಗೆಯ ಕಿಟಕಿಯಿಂದ ನೋಡುತ್ತಿದ್ದೆ. ಖಾಲಿ ಪಲ್ಲಕ್ಕಿಗೆ ಯಾಕಿಷ್ಟು ಜೋಪಾನ ಅಂತ ತಿಳಿಯದೆ ಕಟ್ಟಿದ ಒಗಟು ಅದು. ಇವತ್ತು ನನಗೂ ಉತ್ತರ ಸಿಕ್ಕಿತು."

ದೊರೆ ಸಿಂಹಾಸನದಿಂದ ಎದ್ದ. "ಭಲೇ! ಏನು ಬೇಕೋ ಕೇಳು."

"ಆ ಮೂವರನ್ನು ಬಿಟ್ಟುಬಿಡಿ, ಬುದ್ಧಿ. ಹತ್ತಿಸಿದವರನ್ನು ಇಳಿಸದೆ ಬಿಟ್ಟ ಹೆಸರು ನಮ್ಮ ಮನೆತನಕ್ಕಿಲ್ಲ."

ಮೂವರನ್ನೂ ಅಂಕನೇ ತನ್ನ ಜೊತೆಗಾರರೊಡನೆ ಹೊತ್ತು ಇಳಿಸಿದ. ಈ ಸಲ ಬೈಗುಳವೇ ಇರಲಿಲ್ಲ.

ಅಮ್ಮಣ್ಣಿ ಅವನಿಗೇ ಮಾಲೆ ಹಾಕಿದಳು. ಮದುವೆಯಾದ ಮೇಲೆ ಇಬ್ಬರೂ ಗುಡ್ಡದ ಬುಡದಲ್ಲಿದ್ದ ಅಂಕನ ಅವ್ವನ ಮನೆಗೆ ಬಂದು ಕೋಟೆಗೆ ಮರಳುವ ದಿನ ಪಲ್ಲಕ್ಕಿ ಸಿಂಗಾರವಾಯಿತು. ಮದುಮಗ ಒಳಗೆ ಕೂರಲೇ ಇಲ್ಲ, ಪಲ್ಲಕ್ಕಿಯ ಮುಂದಿನ ಕೋಲಿಗೆ ಹೆಗಲು ಕೊಟ್ಟ. ಅಮ್ಮಣ್ಣಿಯೂ ಬಿಡುವವಳಲ್ಲ. ತುಂಬಿದ ಬಿಂದಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, "ಹನಿ ಚೆಲ್ಲಿದರೆ ಮತ್ತೆ ಬುಡದಿಂದ!" ಅಂದಳು.

ಗುಡ್ಡದ ಮೇಲೆ ಪಲ್ಲಕ್ಕಿಯಿಂದ ಇಳಿದಾಗ ಅವಳ ಸೀರೆಯಲ್ಲಿ ಒಂದು ಹನಿ ನೀರೂ ಇರಲಿಲ್ಲ.