ಜೋಳವಾಳಿ ಯಾರದು?

ಜೋಳವಾಳಿ ಅಂತ ಒಂದು ಹಳೆಯ ಮಾತಿದೆ ನೋಡಿ, ಈಗ ಯಾರೂ ಆಡುವುದಿಲ್ಲ. ಯಾರ ಜೋಳ ಉಂಡೆವೋ ಅವರಿಗೆ ಸಲ್ಲಬೇಕಾದ ಸೇವೆ ಅಂತ ಅದರ ಅರ್ಥ. ಒಬ್ಬ ಪಾಳೆಗಾರ ಬೀಗರ ಮನೆಗೆ ಹೊರಟವನು, ಬಿತ್ತನೆಯ ದಿನವೇ ತನ್ನೂರಿನ ರೈತ ಬರಮಪ್ಪನನ್ನು ಪಲ್ಲಕ್ಕಿ ಹೊರಲು ಕರೆಸಿದ. ಹೋದರೆ ಹೊಲದ ಹದ ಆರಿ ವರ್ಷದ ಬೆಳೆಯೇ ಹೋಗುತ್ತದೆ. ಬರಮಪ್ಪ ಬೀಜ ಬಿತ್ತುವ ಕೂರಿಗೆ ಹೊತ್ತುಕೊಂಡೇ ಬಂದ. ಪಾಳೆಗಾರ ಊಟಕ್ಕೆ ಕೂತಿದ್ದ.

“ಜೋಳವಾಳಿ ಮರೆತೆಯೇನೋ?” ಎಂದು ಗುಡುಗಿದ.

“ಮರೆಯೋದುಂಟೇ ದೊರೆ! ಉಂಡವರು ದುಡಿಯಲೇಬೇಕು. ತಮ್ಮ ಕೈಯಲ್ಲಿರೋ ರೊಟ್ಟಿ ಯಾರ ಹೊಲದ ಜೋಳದ್ದು?”

ಬಡಿಸುತ್ತಿದ್ದ ಅಡುಗೆಯಾಕೆ ಬಾಯಿ ತಡೆಯಲಾರದೆ, “ಬರಮಣ್ಣಂದೇ, ಬುದ್ಧಿ!” ಅಂದುಬಿಟ್ಟಳು.

“ಹಾಗಾದರೆ ಏಳಿ ದೊರೆ, ಹದ ಆರೋಕೆ ಮುಂಚೆ ಬಿತ್ತಿಬಿಡೋಣ,” ಎಂದು ಬರಮಪ್ಪ ಕೂರಿಗೆ ಮುಂದಿಟ್ಟ.

ಪಾಳೆಗಾರ ರೊಟ್ಟಿ ನೋಡಿದ, ಕೂರಿಗೆ ನೋಡಿದ, ಹೊಟ್ಟೆ ಹಿಡಿದುಕೊಂಡು ನಕ್ಕ. ಪಲ್ಲಕ್ಕಿಯ ಆಳುಗಳನ್ನೆಲ್ಲ ಬರಮಪ್ಪನ ಹೊಲಕ್ಕೆ ಅಟ್ಟಿ, ಬೀಗರ ಮನೆಗೆ ತಾನು ನಡೆದೇ ಹೋದ.