ಗಾಣಗಿತ್ತಿ ಕಜ್ಜಾಯ ಕರಿದದ್ದು

ಎಲ್ಲೋ ಒಂದು ಊರು. ಆ ಊರಿಗೊಬ್ಬ ರಾಜ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಆ ಊರಿನವರು ಪಕ್ಕದ ಮನೆ ಹಾಸಿಗೆ ನೋಡಿ ಕಾಲು ಚಾಚೋರಂತೆ. ಹೆಂಗಸರು ಒಲೆ ಹಚ್ಚೋ ಮುಂಚೆ ಬಾಗಿಲಿಗೆ ಬಂದು ಮೂಗು ಮೇಲೆತ್ತೋರು. ಅರಮನೆ ಕಡೆಯಿಂದ ಒಗ್ಗರಣೆ ಘಮ ಬಂದರೆ ಇವರೂ ಧಾರಾಳವಾಗಿ ಎಣ್ಣೆ ಸುರಿಯೋರು, ಬರದಿದ್ದರೆ ಕೈ ಬಿಗಿ ಹಿಡಿಯೋರು.

ಆ ಊರಲ್ಲಿ ಸಾಕವ್ವ ಅಂತ ಒಬ್ಬ ಗಾಣಗಿತ್ತಿ. ಗಂಡ ಕಾಳಪ್ಪ ಗಾಣ ಆಡಿಸೋನು, ಇವಳು ಎಣ್ಣೆ ಮಾರೋಳು. ಗಾಣಕ್ಕೆ ಇದ್ದದ್ದು ಒಂದೇ ಎತ್ತು, ಹೆಸರು ಮಲ್ಲ. ಮಕ್ಕಳಿಲ್ಲದ ಸಾಕವ್ವನಿಗೆ ಆ ಎತ್ತೇ ಮಗ.

ಹೀಗಿರುವಾಗ ಒಂದು ದಿನ ಅರಮನೆಯಿಂದ ಘಮ ಬರಲಿಲ್ಲ. ಮಾರನೇ ದಿನವೂ ಇಲ್ಲ. ರಾಜ ಗಂಜಿ ಕುಡೀತಿದ್ದಾನೆ ಅಂತ ಸುದ್ದಿ ಬಂತು. ರಾಜನಿಗೇ ಗಂಜಿ ಅಂದಮೇಲೆ ಮುಂದೆ ಎಂಥ ಕೆಟ್ಟ ಕಾಲ ಕಾದಿದೆಯೋ ಅಂತ ಊರಿಗೆ ಊರೇ ಹೆದರಿತು. ಆ ವರ್ಷ ಬೆಳೆ ಚೆನ್ನಾಗಿತ್ತು, ನೆಲದೊಳಗಿನ ಹಗೇವಿನ ತುಂಬ ರಾಗಿ ಇತ್ತು. ಆದರೂ ಪಟೇಲರ ಹೆಂಡತಿ ಗೌರಮ್ಮ ಹಗೇವಿನ ಬಾಯಿಗೆ ಮಣ್ಣು ಮೆತ್ತಿಸಿ, ಸಾರಿಗೆ ಒಗ್ಗರಣೆ ನಿಲ್ಲಿಸಿದಳು. ಅವಳು ಸೀರೆ ಬೇಡ ಅಂದಳು ಅಂತ ನೇಕಾರ ಎಣ್ಣೆ ಬೇಡ ಅಂದ. ನೇಕಾರ ಬೇಡ ಅಂದ ಅಂತ ಕುಂಬಾರನೂ ಬೇಡ ಅಂದ. ಕೊಳ್ಳೋರಿಲ್ಲದೆ ಗಾಣ ನಿಂತಿತು, ಮಲ್ಲನ ಹಿಂಡಿಯೂ ನಿಂತಿತು. ಬರೋ ಸಂತೆಗೆ ಎತ್ತು ಮಾರಿಬಿಡೋದೇ ಸೈ ಅಂದ ಕಾಳಪ್ಪ.

ಮಲ್ಲನನ್ನು ಮಾರೋಕೆ ಒಪ್ಪದ ಸಾಕವ್ವ ಅರಮನೆ ಹಿತ್ತಲಿಗೇ ಹೋಗಿ ಅಡುಗೆಯವನನ್ನು ಕೇಳಿದಳು. ದೊರೆ ಒಂದಿಡೀ ಹಲಸಿನ ಹಣ್ಣು ತಿಂದು ಹೊಟ್ಟೆ ಕೆಡಿಸಿಕೊಂಡಿದ್ದನಂತೆ, ಪಂಡಿತರು ಗಂಜಿ ಬಿಟ್ಟು ಬೇರೇನೂ ಕೊಡಬೇಡಿ ಅಂದಿದ್ದರಂತೆ. ಸಾಕವ್ವ ಬಾವಿಕಟ್ಟೆಗೆ ಬಂದು ಇದನ್ನೇ ಹೇಳಿದಳು. ಎಣ್ಣೆ ಮಾರೋಳು ಇನ್ನೇನು ಹೇಳ್ತಾಳೆ ಅಂತ ನಕ್ಕು ಎಲ್ಲರೂ ಕೊಡ ಎತ್ತಿಕೊಂಡು ಹೋದರು.

ಇವರಿಗೆ ಕಿವಿ ಇಲ್ಲ, ಇರೋದೆಲ್ಲ ಮೂಗೇ ಅಂದುಕೊಂಡಳು ಸಾಕವ್ವ. ಸಂತೆಯ ಹಿಂದಿನ ದಿನ, ಮನೆಯಲ್ಲಿ ಉಳಿದಿದ್ದ ಒಂದೇ ಗಡಿಗೆ ಎಣ್ಣೆಯನ್ನು ಬಾಣಲೆಗೆ ಸುರಿದು, ಅಂಗಳದಲ್ಲಿ ಒಲೆ ಹೂಡಿ ಕಜ್ಜಾಯ ಕರಿಯೋಕೆ ಕೂತಳು. ಇವಳಿಗೆ ತಲೆ ಕೆಟ್ಟಿತು ಅಂತ ಕಾಳಪ್ಪ ಜಗಲಿಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತ.

ಘಮ ಬೀದಿ ದಾಟಿತು. ಕೆಂಡ ಕೇಳೋ ನೆಪದಲ್ಲಿ ಗೌರಮ್ಮನೇ ಮೊದಲು ಬಂದಳು.

“ಏನೇ ಸಾಕಿ, ಯಾವ ಹಬ್ಬ?”

“ಹಬ್ಬ ಏನಿಲ್ಲ ಅಮ್ಮೋರೆ. ಮುಂದೆ ಒಳ್ಳೆ ಕಾಲ ಬತ್ತದೆ ಅನ್ನಿಸ್ತು, ಸುಮ್ಕೆ ಬಾಯಿ ಕಟ್ಟೋದ್ಯಾಕೆ ಅಂತ.”

ಗೌರಮ್ಮ ಕೆಂಡ ಮರೆತು ಮನೆಗೆ ಓಡಿದಳು. ಸಾಕಿ ಅರಮನೆಗೆ ಹೋಗಿ ಬಂದವಳು, ಅವಳಿಗೆ ಏನೋ ಗೊತ್ತಿರಬೇಕು. ಅದೂ ಅಲ್ಲದೆ ಗಾಣಿಗರ ಮನೆಯಲ್ಲಿ ಕಜ್ಜಾಯ, ಪಟೇಲರ ಮನೆಯಲ್ಲಿ ಸಪ್ಪೆ ಸಾರು ಅಂದರೆ ಮಾನ ಉಳಿಯುತ್ತದೆಯೇ? ಹಗೇವಿನ ಬಾಯಿ ತೆಗೆಸಿದಳು, ನೇಕಾರನಿಗೆ ಸೀರೆ ಹೇಳಿದಳು, ಆಳಿನ ಕೈಲಿ ಎಣ್ಣೆಗೆ ಗಡಿಗೆ ಕಳಿಸಿದಳು. ಅದನ್ನು ಕಂಡು ನೇಕಾರನ ಹೆಂಡತಿ ಬಂದಳು, ಅವಳನ್ನು ಕಂಡು ಕುಂಬಾರಗಿತ್ತಿ ಬಂದಳು. ಹೊತ್ತು ಮುಳುಗೋ ಮುಂಚೆ ಅಂಗಳದ ತುಂಬ ಗಡಿಗೆಗಳು. ಕೊಡೋಕೆ ಮನೆಯಲ್ಲಿ ಒಂದು ತೊಟ್ಟು ಎಣ್ಣೆ ಇಲ್ಲ. ಕಾಳಪ್ಪ ದಡಬಡಿಸಿ ಎದ್ದು, ಮೂಲೆಯಲ್ಲಿ ಬಿದ್ದಿದ್ದ ಹುಚ್ಚೆಳ್ಳಿನ ಮೂಟೆ ಬಿಚ್ಚಿ, ಮಲ್ಲನನ್ನು ಗಾಣಕ್ಕೆ ಕಟ್ಟಿದ.

ಗಾಣ ತಿರುಗುವಾಗ ಮೆಲ್ಲಗೆ ಕೇಳಿದನಂತೆ, “ಒಳ್ಳೆ ಕಾಲ ಬತ್ತದೆ ಅಂತ ನಿಂಗೆ ಹೆಂಗೆ ಗೊತ್ತಾಯ್ತು?”

“ನಂಗೇನು ಗೊತ್ತಿತ್ತು? ಬತ್ತದೆ ಅಂತ ನಂಬಿ ಅವರೆಲ್ಲ ಗಡಿಗೆ ತಂದ್ರು, ಅದಕ್ಕೇ ಬಂತು” ಅಂದಳು ಸಾಕವ್ವ.

ಅವರು ಅಲ್ಲಿ ಕರಿದು ತಿಂದುಕೊಂಡಿದ್ದಾರೆ, ನಾವು ಇಲ್ಲಿ ಕಥೆ ಕೇಳಿ ಬಾಯಿ ಚಪ್ಪರಿಸಿಕೊಂಡಿದ್ದೇವೆ.