ಧಡೂತಿ ಮಿಂಚು

ಹಲವರ ಸುದ್ದಿ ಹೊತ್ತ ಬೆಳಕು ಒಟ್ಟೊಟ್ಟಿಗೇ ಓಡಾಡುವ ಗಾಜಿನ ತಂತಿಯೊಂದರ ತುದಿಯಲ್ಲಿ ಶೋಧಕನೆಂಬ ಕಾವಲುಗಾರನಿದ್ದ. ನಾಲ್ಕು ಪುಟ್ಟ ಮಿಂಚುಗಳು ಗೊತ್ತುಪಡಿಸಿದ ಅಂತರದಲ್ಲಿ ಬಂದರಷ್ಟೇ ಅದು ತನ್ನ ಯಜಮಾನ ಯಂತ್ರಕ್ಕೆ ಬಂದ ಸುದ್ದಿಯೆಂದು ತಿಳಿದು ಅವನು ಬಾಗಿಲು ತೆರೆಯಬೇಕಿತ್ತು. ಸೋಮಾರಿ ಶೋಧಕ ಅಂತರ ನೋಡದೆ ಒಟ್ಟು ಬೆಳಕನ್ನಷ್ಟೇ ತೂಗುತ್ತಿದ್ದ.

ಒಂದು ದಿನ ಧಡೂತಿ ಮಿಂಚೊಂದು ಬಂದು, "ನಾನೊಬ್ಬನೇ ನಾಲ್ವರ ಸಮ, ತೆಗೆಯೋ ಬಾಗಿಲು!" ಎಂದು ಗದರಿತು. ಶೋಧಕ ನಡು ಬಗ್ಗಿಸಿ ತೆರೆದ. ಬೇರೆ ಯಾರದೋ ಸುದ್ದಿ ಒಳನುಗ್ಗಿದ್ದು ಕಂಡು ಯಜಮಾನ ಯಂತ್ರ ರೇಗಿತು: "ಇನ್ನೊಮ್ಮೆ ಹೀಗಾದರೆ ನಿನ್ನನ್ನು ಕಿತ್ತು ಗುಜರಿಗೆ ಹಾಕುತ್ತೇನೆ." ಬೆವತುಹೋದ ಶೋಧಕ ಬಾಗಿಲ ಮುಂದೆ ಕತ್ತರಿಯೊಂದನ್ನು ಕೂರಿಸಿದ.

ಮರುದಿನ ಧಡೂತಿ ಮತ್ತೆ ಬಂತು. ಕತ್ತರಿ ಅದನ್ನು ಎಲ್ಲರ ಎತ್ತರಕ್ಕೇ ಕತ್ತರಿಸಿ ನಿಲ್ಲಿಸಿತು.

"ನಾನು ಯಾರು ಗೊತ್ತೇನೋ?" ಎಂದು ಅದು ಕಿರುಚಿತು.

"ಗೊತ್ತು ಸ್ವಾಮಿ, ಒಂದು ಮಿಂಚು," ಎಂದ ಶೋಧಕ. "ಇನ್ನು ಮೂವರು ಬರಲಿ, ಆಮೇಲೆ ನೋಡೋಣ."